ಕಡಲ ಹೊಗೆಯ ಲೆಕ್ಕ ಯಾರ ಖಾತೆಗೆ?

2025ರ ಅಕ್ಟೋಬರ್ 17ರಂದು ಲಂಡನ್‌ನಲ್ಲಿ, ಹಡಗು ಸಾಗಣೆಯ ನಿಯಮ ಮಾಡುವ ವಿಶ್ವಸಂಸ್ಥೆಯ ಅಂತಾರಾಷ್ಟ್ರೀಯ ಕಡಲ ಸಂಸ್ಥೆಯಲ್ಲಿ, ಒಂದು ಮತದಾನ ನಡೆಯಿತು. ಸರಕು ಹಡಗುಗಳು ಬಿಡುವ ಇಂಗಾಲಕ್ಕೆ ಇಡೀ ಜಗತ್ತಿಗೆ ಅನ್ವಯಿಸುವ ಒಂದು ಬೆಲೆ ಕಟ್ಟುವ ನಿಯಮ ಅವತ್ತು ಪಾಸಾಗಬೇಕಿತ್ತು. ಪಾಸೂ ಆಗಲಿಲ್ಲ, ಬಿದ್ದೂ ಹೋಗಲಿಲ್ಲ. ಒಂದು ವರ್ಷ ಮುಂದಕ್ಕೆ ಹೋಯಿತು. ಮುಂದೂಡಿ ಎಂದವರು 57 ದೇಶ, ಮುಂದೂಡುವುದು ಬೇಡ ಎಂದವರು 49, ತಟಸ್ಥ ಉಳಿದವರು 21. ಕೆಲವರು ಇದನ್ನು ಬೆಲೆ ಏರಿಕೆ ತಪ್ಪಿದ ಸುದ್ದಿಯಾಗಿ ಓದಿದರು, ಇನ್ನು ಕೆಲವರು ದೊಡ್ಡ ಅನಾಹುತವಾಗಿ ಓದಿದರು.

ಕಾಸರಗೋಡಿನ ಓದುಗರಿಗೆ ಹಡಗಿನ ಹೊಗೆ ಲಂಡನ್ನಿನಷ್ಟು ದೂರದ ವಿಷಯವಲ್ಲ. ಅದೇ ವರ್ಷ ಜೂನ್ 9ರಂದು ಸಿಂಗಾಪುರ ಧ್ವಜದ ವಾನ್ ಹೈ 503 ಎಂಬ ಕಂಟೇನರ್ ಹಡಗಿಗೆ ಅಳೀಕ್ಕಲ್‌ನಿಂದ ಸುಮಾರು 80 ಕಿಲೋಮೀಟರ್ ಆಚೆ ಬೆಂಕಿ ಬಿತ್ತು. ಕೊಲಂಬೊದಿಂದ ಮುಂಬೈ ಕಡೆಯ ನ್ಹಾವಾ ಶೇವಾಕ್ಕೆ ಹೊರಟಿದ್ದ ಹಡಗು ಅದು. 22 ಸಿಬ್ಬಂದಿಯಲ್ಲಿ 18 ಮಂದಿಯನ್ನು ಕಾಪಾಡಿ ಮಂಗಳೂರಿಗೆ ತಂದರು, ನಾಲ್ವರು ಕಾಣೆಯಾದರು. ಅದಕ್ಕೆ ಎರಡು ವಾರ ಮೊದಲಷ್ಟೇ ಲೈಬೀರಿಯಾ ಧ್ವಜದ ಎಂಎಸ್‌ಸಿ ಎಲ್ಸಾ 3 ಕೊಚ್ಚಿ ಹತ್ತಿರ ಮುಳುಗಿತ್ತು. ಬೆಂಕಿ ಬಿದ್ದ ಹಡಗಿನ ಕಪ್ಪು ಹೊಗೆಯ ಚಿತ್ರ ಎಲ್ಲರೂ ನೋಡಿದರು. ಬೆಂಕಿ ಬೀಳದೆ, ಸುಮ್ನೆ ತಮ್ಮ ಪಾಡಿಗೆ ಹೋಗುವ ಹಡಗುಗಳ ಹೊಗೆ ಯಾರ ಕಣ್ಣಿಗೂ ಬೀಳುವುದಿಲ್ಲ. ಲಂಡನ್ನಿನ ಜಗಳ ಇದ್ದದ್ದು ಈ ಎರಡನೆಯ ಹೊಗೆಯ ಬಗ್ಗೆ.

ಮಿತವ್ಯಯಿಯೂ ಹೌದು, ಕೊಳಕೂ ಹೌದು

ಗೊಂದಲ ಶುರುವಾಗುವುದೇ ಇಲ್ಲಿಂದ. ಸರಕು ಸಾಗಿಸಲು ಹಡಗಿಗಿಂತ ಕಡಿಮೆ ಇಂಧನ ಸಾಕಾಗುವ ವಾಹನ ಇನ್ನೊಂದಿಲ್ಲ ಅನ್ನುತ್ತಾರೆ. ಹಡಗುಗಳು ಭಯಂಕರ ಮಾಲಿನ್ಯ ಮಾಡುತ್ತವೆ ಎಂದೂ ಅನ್ನುತ್ತಾರೆ. ಎರಡೂ ನಿಜ.

ಮೊದಲನೆಯದು ನೋಡೋಣ. ಒಂದು ಟನ್ ಸರಕನ್ನು ಒಂದು ಕಿಲೋಮೀಟರ್ ಒಯ್ಯಲು ದೊಡ್ಡ ಹಡಗು ಬಿಡುವ ಇಂಗಾಲದ ಡೈಆಕ್ಸೈಡ್ 10-20 ಗ್ರಾಂ ಆಸುಪಾಸು. ಲಾರಿ ಅದರ ಹಲವು ಪಟ್ಟು ಬಿಡುತ್ತದೆ. ವಿಮಾನ 500 ಗ್ರಾಂ ದಾಟುತ್ತದೆ. ಮಂಗಳೂರು, ಕಣ್ಣೂರು ವಿಮಾನ ನಿಲ್ದಾಣಗಳಿಂದ ಗಲ್ಫಿಗೆ ಹಾರುವ ತರಕಾರಿಯ ಪಕ್ಕದಲ್ಲಿ ಹಡಗಿನಲ್ಲಿ ಹೋಗುವ ಅಕ್ಕಿಮೂಟೆ ಪಾಪದ ಪ್ರಾಣಿ.

ಕಾರಣ ಸರಳ. ನೀರು ಭಾರವನ್ನು ತಾನೇ ಹೊರುತ್ತದೆ, ಎಂಜಿನ್ ಮುಂದಕ್ಕೆ ತಳ್ಳಿದರೆ ಸಾಕು. ಜತೆಗೆ ಹಡಗಿನ ಎಂಜಿನ್ ಕೂಡ ಸಾಮಾನ್ಯದ್ದಲ್ಲ. ದೊಡ್ಡ ಹಡಗುಗಳ ನಿಧಾನಗತಿಯ ಟೂ-ಸ್ಟ್ರೋಕ್ ಎಂಜಿನ್ ನಿಮಿಷಕ್ಕೆ ನೂರು ಸುತ್ತು ತಿರುಗಿದರೆ ಹೆಚ್ಚು. ಆದರೆ ಎಣ್ಣೆಯಲ್ಲಿರುವ ಶಕ್ತಿಯ ಅರ್ಧದಷ್ಟನ್ನು ಕೆಲಸಕ್ಕೆ ಹಚ್ಚುತ್ತದೆ. ಕಾರಿನ ಎಂಜಿನ್ನಿಗೆ ಅದರ ಹತ್ತಿರ ಬರಲೂ ಆಗುವುದಿಲ್ಲ. 2006ರಲ್ಲಿ ನೀರಿಗಿಳಿದ ಎಮ್ಮಾ ಮೆರ್ಸ್ಕ್ ಹಡಗಿನ ಎಂಜಿನ್ ಒಂದಕ್ಕೇ 2,300 ಟನ್ ತೂಕ, ಒಂದು ಲಕ್ಷಕ್ಕೂ ಹೆಚ್ಚು ಅಶ್ವಶಕ್ತಿ.

ಇಷ್ಟೆಲ್ಲ ಮಿತವ್ಯಯ ಇದ್ದೂ ಒಟ್ಟು ಲೆಕ್ಕ ಯಾಕೆ ದೊಡ್ಡದಾಗುತ್ತದೆ? ಸರಕು ಅಷ್ಟಿದೆ. ಜಗತ್ತಿನ ವ್ಯಾಪಾರದ ಸರಕಿನಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಪಾಲು ಸಮುದ್ರದ ಮೇಲೆಯೇ ಹೋಗುವುದು. ದೊಡ್ಡ ಹಡಗುಗಳೆಲ್ಲ ಸೇರಿ ವರ್ಷಕ್ಕೆ 20 ಕೋಟಿ ಟನ್ನಿಗಿಂತ ಜಾಸ್ತಿ ಇಂಧನ ಸುಡುತ್ತವೆ. ಅಂತಾರಾಷ್ಟ್ರೀಯ ಕಡಲ ಸಂಸ್ಥೆಯ ಅಧ್ಯಯನದ ಪ್ರಕಾರ 2018ರಲ್ಲಿ ಹಡಗುಗಳಿಂದ ಬಂದ ಹಸಿರುಮನೆ ಅನಿಲ 107.6 ಕೋಟಿ ಟನ್. ಮನುಷ್ಯರು ಬಿಡುವ ಒಟ್ಟು ಲೆಕ್ಕದಲ್ಲಿ ಶೇ 2.89. ಹೆಚ್ಚು ಕಡಿಮೆ ಇಡೀ ಜಪಾನ್ ದೇಶದಷ್ಟು.

ಟ್ಯಾಂಕಿಯಲ್ಲಿ ಇರುವುದೇನು?

ಇಂಗಾಲದ್ದು ಒಂದು ಕಥೆಯಾದರೆ, ಉಸಿರಿನ ಗಾಳಿಯದ್ದು ಇನ್ನೊಂದು. ಸುದ್ದಿಗಳಲ್ಲಿ ಎರಡನ್ನೂ ಕಲಸಿ ಬಿಡುತ್ತಾರೆ. ಬೇರೆ ಬೇರೆ ಇಟ್ಟುಕೊಂಡರೆ ಅರ್ಧ ಗೊಂದಲ ಕಳೆಯುತ್ತದೆ.

ರಿಫೈನರಿಯಲ್ಲಿ ಕಚ್ಚಾ ತೈಲದಿಂದ ಗ್ಯಾಸ್, ಪೆಟ್ರೋಲ್, ವಿಮಾನದ ಇಂಧನ, ಡೀಸೆಲ್ ಎಲ್ಲ ತೆಗೆದ ಮೇಲೆ ಕೊನೆಗೆ ಉಳಿಯುವುದು ಫರ್ನೆಸ್ ಆಯಿಲ್. ಕೊಬ್ಬರಿ ಎಣ್ಣೆ ಕಾಸಿದ ಬಾಣಲೆಯ ತಳದಲ್ಲಿ ನಿಲ್ಲುವ ಚರಟ ಇದ್ದಂತೆ. ದಪ್ಪ, ಕಪ್ಪು. ಬಿಸಿ ಮಾಡದೆ ಪೈಪಿನಲ್ಲಿ ಹರಿಯುವುದೂ ಇಲ್ಲ. ಕಚ್ಚಾ ತೈಲದ ಗಂಧಕ ಬಹುಪಾಲು ಇದರಲ್ಲೇ ಬಂದು ಕೂರುತ್ತದೆ. ಹಡಗಿನ ಎಂಜಿನ್ ಇದನ್ನೂ ಉರಿಸಬಲ್ಲದು, ಮತ್ತು ಇದು ಅಗ್ಗ. ಹಾಗಾಗಿ ದಶಕಗಳ ಕಾಲ ಕಡಲ ವ್ಯಾಪಾರ ನಡೆದದ್ದೇ ಈ ಎಣ್ಣೆಯ ಮೇಲೆ.

ಗಂಧಕ ಉರಿದರೆ ಗಂಧಕದ ಡೈಆಕ್ಸೈಡ್. ಗಾಳಿಯಲ್ಲಿ ಅದು ಸೂಕ್ಷ್ಮ ಕಣಗಳಾಗಿ ಬದಲಾಗುತ್ತದೆ. ಶ್ವಾಸಕೋಶದ ಆಳಕ್ಕೆ, ಅಲ್ಲಿಂದ ರಕ್ತಕ್ಕೆ ಇಳಿಯುವ ಕಣಗಳು. ಬಿಸಿ ಎಂಜಿನ್ನಿನಲ್ಲಿ ಗಾಳಿಯ ಸಾರಜನಕವೂ ಉರಿದು ಸಾರಜನಕದ ಆಕ್ಸೈಡುಗಳು ಹುಟ್ಟುತ್ತವೆ. ಜತೆಗೆ ಮಸಿ.

2020ರ ಜನವರಿ 1ರಿಂದ ನಿಯಮ ಬಿಗಿಯಾಯಿತು. ಎಣ್ಣೆಯಲ್ಲಿ ಶೇ 3.5ರವರೆಗೆ ಇರಬಹುದಾಗಿದ್ದ ಗಂಧಕದ ಮಿತಿ ಒಮ್ಮೆಲೆ ಶೇ 0.5ಕ್ಕೆ ಇಳಿಯಿತು. ದೊಡ್ಡ ಸುಧಾರಣೆಯೇ. ಆದರೂ ಕುಂಬಳೆ ಪೇಟೆಯ ಪಂಪಿನಲ್ಲಿ ಸಿಗುವ ಬಿಎಸ್ 6 ಡೀಸೆಲ್ ಜತೆ ಹೋಲಿಸಿ ನೋಡಿ. ಆ ಡೀಸೆಲ್‌ನಲ್ಲಿ ಗಂಧಕದ ಮಿತಿ ಹತ್ತು ಲಕ್ಷಕ್ಕೆ 10 ಭಾಗ. ಹಡಗಿನ ಎಣ್ಣೆಯಲ್ಲಿ ಈಗಿನ ಬಿಗಿ ಮಿತಿಯೇ ಹತ್ತು ಲಕ್ಷಕ್ಕೆ 5,000 ಭಾಗ. 500 ಪಟ್ಟು! ಹಳೆಯ ಮಿತಿಯಲ್ಲಿ 3,500 ಪಟ್ಟು.

ವಾಟ್ಸ್ಆ್ಯಪ್‌ನಲ್ಲಿ ವರ್ಷ ವರ್ಷವೂ ತಿರುಗುವ ಒಂದು ಸಾಲು ಇದೆ: ಹದಿನೈದೋ ಹದಿನಾರೋ ದೊಡ್ಡ ಹಡಗುಗಳು ಜಗತ್ತಿನ ಎಲ್ಲ ಕಾರುಗಳಷ್ಟು ಮಾಲಿನ್ಯ ಮಾಡುತ್ತವೆ ಅಂತ. ಇದು ಗಂಧಕದ ಲೆಕ್ಕ ಮಾತ್ರ, ಅದೂ 2020ಕ್ಕಿಂತ ತುಂಬಾ ಮೊದಲಿನ ಎಣ್ಣೆಯದ್ದು. ಕಾರಿನ ಇಂಧನದಲ್ಲಿ ಗಂಧಕವೇ ಇಲ್ಲದಷ್ಟು ಕಡಿಮೆ, ಹಾಗಾಗಿ ಹೋಲಿಕೆ ಅಷ್ಟು ಭಯಂಕರ ಕಾಣುತ್ತದೆ. ಇಂಗಾಲದ ಲೆಕ್ಕಕ್ಕೆ ಈ ಮಾತು ಪೂರ್ತಿ ಸುಳ್ಳು.

ಬೇಕಲದ ಎದುರು ಒಂದು ಎಣ್ಣೆ, ರಾಟರ್‌ಡ್ಯಾಮ್ ಎದುರು ಇನ್ನೊಂದು

ಅಷ್ಟು ದೂರದ ಹೊಗೆ ದಡಕ್ಕೆ ಬರುತ್ತಾ? ಬರುತ್ತದೆ. ಹಡಗುಗಳ ಹೊಗೆಯಲ್ಲಿ ಸುಮಾರು ಶೇ 70ರಷ್ಟು ಹೊರಬೀಳುವುದು ನೆಲದಿಂದ 400 ಕಿಲೋಮೀಟರ್ ಒಳಗೆ. ಸೂಕ್ಷ್ಮ ಕಣಗಳು ನೂರಾರು ಕಿಲೋಮೀಟರ್ ತೇಲಬಲ್ಲವು. ಕೊಲಂಬೊ–ಮುಂಬೈ ದಾರಿ ನಮ್ಮ ಪಡುಗಡಲಿನಲ್ಲಿ ಎಷ್ಟು ಹತ್ತಿರ ಹಾದುಹೋಗುತ್ತದೆ ಅಂತ ವಾನ್ ಹೈ ಬೆಂಕಿ ತೋರಿಸಿಕೊಟ್ಟಿತು. ಬೇಸಗೆಯ ಮಧ್ಯಾಹ್ನ ಕಡಲಗಾಳಿ ಬೀಸುವುದು ನೆಲದ ಕಡೆಗೇ. ಮಳೆಗಾಲದಲ್ಲಿ ಗಾಳಿ ಇನ್ನೂ ಜೋರು, ಆದರೆ ಮಳೆ ಹೊಗೆಯನ್ನು ತೊಳೆದು ಹಾಕುತ್ತದೆ.

ಇದಲ್ಲದೆ ತಲಪಾಡಿ ಗಡಿಯಿಂದ ಸುಮಾರು 25 ಕಿಲೋಮೀಟರ್ ಬಡಗಿಗೆ ಪಣಂಬೂರಿನ ಹೊಸ ಮಂಗಳೂರು ಬಂದರು ಇದೆ. ಬಂದರಿನಲ್ಲಿ ನಿಂತ ಹಡಗೂ ಹೊಗೆ ಬಿಡುತ್ತದೆ. ದೀಪ, ಪಂಪು, ಫ್ರೀಜರ್ ಕಂಟೇನರ್, ಸಿಬ್ಬಂದಿಯ ಅಡುಗೆಮನೆ ಎಲ್ಲದಕ್ಕೂ ಅದರ ಜನರೇಟರ್ ಓಡುತ್ತಲೇ ಇರಬೇಕಲ್ವಾ? ದಡದಿಂದ ಕರೆಂಟು ಕೊಟ್ಟರೆ ಈ ಹೊಗೆ ನಿಲ್ಲುತ್ತದೆ. 2023ರಲ್ಲಿ ಕೇಂದ್ರ ಸರಕಾರ ತಂದ ಹರಿತ್ ಸಾಗರ್ ಮಾರ್ಗಸೂಚಿಯಲ್ಲಿ ಇದೂ ಸೇರಿದೆ. ಮಾರ್ಗಸೂಚಿಗೂ ಕಡ್ಡಾಯಕ್ಕೂ ಇರುವ ದೂರ ಗೊತ್ತೇ ಇದೆ.

ಹೊಗೆಯಿಂದ ಏನಾಗುತ್ತದೆ ಎಂಬುದಕ್ಕೆ ಅಂದಾಜುಗಳಿವೆ. 2018ರಲ್ಲಿ ನೇಚರ್ ಕಮ್ಯುನಿಕೇಷನ್ಸ್ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು ಹಳೆಯ ಎಣ್ಣೆಯೇ ಮುಂದುವರಿದರೆ ವರ್ಷಕ್ಕೆ ಸುಮಾರು 4 ಲಕ್ಷ ಅಕಾಲ ಸಾವು, 1.4 ಕೋಟಿ ಮಕ್ಕಳ ಅಸ್ತಮಾ ಪ್ರಕರಣ ಎಂದಿತು. ಹೊಸ ಎಣ್ಣೆ ಬಂದ ಮೇಲೂ ಸುಮಾರು 2.5 ಲಕ್ಷ ಸಾವು, 64 ಲಕ್ಷ ಅಸ್ತಮಾ ಉಳಿಯುತ್ತದೆ ಎಂದೂ ಹೇಳಿತು. ಹಡಗು ದಟ್ಟವಾಗಿ ಓಡಾಡುವ, ಜನವೂ ದಟ್ಟವಾಗಿರುವ ಏಷ್ಯಾದ ಕರಾವಳಿಗಳಿಗೇ ಇದರ ಹೊರೆ ಹೆಚ್ಚು.

ಇನ್ನೊಂದು ಸಂಗತಿ ಅಷ್ಟಾಗಿ ಚರ್ಚೆಯಾಗುವುದಿಲ್ಲ. ಉತ್ತರ ಅಮೆರಿಕದ ಕರಾವಳಿ, ಉತ್ತರ ಸಮುದ್ರ, ಬಾಲ್ಟಿಕ್ ಇವೆಲ್ಲ ವಿಶೇಷ ಹೊಗೆ ನಿಯಂತ್ರಣ ವಲಯಗಳು. 2025ರ ಮೇ 1ರಿಂದ ಮೆಡಿಟರೇನಿಯನ್ ಕೂಡ ಸೇರಿತು. ಅಲ್ಲಿ ಗಂಧಕದ ಮಿತಿ ಶೇ 0.1. ಹಡಗು ವಲಯದ ಗೆರೆ ತಲುಪುವ ಮೊದಲೇ ಟ್ಯಾಂಕಿ ಬದಲಿಸಿ ಶುದ್ಧ ಎಣ್ಣೆಗೆ ಬರಬೇಕು. ಅರಬ್ಬಿ ಸಮುದ್ರದಲ್ಲಿ ಅಂಥ ಗೆರೆಯೇ ಇಲ್ಲ. ಅದೇ ಹಡಗು, ಅದೇ ಎಂಜಿನ್, ಅದೇ ಸಿಬ್ಬಂದಿ ರಾಟರ್‌ಡ್ಯಾಮ್ ಎದುರು ಉರಿಸುವ ಎಣ್ಣೆಯ ಐದು ಪಟ್ಟು ಗಂಧಕ ಇರುವ ಎಣ್ಣೆಯನ್ನು ಬೇಕಲದ ಎದುರು ಉರಿಸಿಕೊಂಡು ಹೋಗಬಹುದು. ಕಾನೂನು ಮುರಿದ ಹಾಗೂ ಆಗುವುದಿಲ್ಲ.

ಎಣ್ಣೆ ಬದಲಿಸದೆ ತಪ್ಪಿಸಿಕೊಳ್ಳುವ ದಾರಿಯೂ ಇದೆ. ಚಿಮಣಿಯಲ್ಲಿ ಸ್ಕ್ರಬ್ಬರ್ ಕೂರಿಸಿ ಹೊಗೆಯನ್ನು ಸಮುದ್ರದ ನೀರಿನಿಂದ ತೊಳೆದರೆ ಹಳೆಯ ಅಗ್ಗದ ಎಣ್ಣೆಯನ್ನೇ ಬಳಸಬಹುದು. ಸಾವಿರಾರು ಹಡಗುಗಳು ಹೀಗೆ ಮಾಡಿವೆ. ತೊಳೆದ ಆಮ್ಲದ ನೀರು, ಅದರಲ್ಲಿನ ಲೋಹಗಳ ಸಮೇತ, ಬಹುಪಾಲು ಹಡಗುಗಳಿಂದ ಮತ್ತೆ ಕಡಲಿಗೇ ಬೀಳುತ್ತದೆ. ಗಾಳಿಯ ಕೊಳೆ ನೀರಿಗೆ ವರ್ಗಾವಣೆ, ಅಷ್ಟೇ. ಸಿಂಗಾಪುರದಂಥ ಬಂದರು ತನ್ನ ನೀರಿನಲ್ಲಿ ಇದನ್ನು ನಿಷೇಧಿಸಿದೆ. ಬೂತಾಯಿ, ಬಂಗುಡೆ ನಂಬಿ ಬದುಕುವ ಕರಾವಳಿ ಇದರ ಬಗ್ಗೆ ಇನ್ನಷ್ಟು ಮಾತಾಡಬೇಕಿತ್ತು.

ಗಂಧಕ ಕಡಿಮೆಯಾದದ್ದಕ್ಕೆ ವಿಚಿತ್ರ ಅಡ್ಡ ಪರಿಣಾಮವೂ ಇದೆ. ಗಂಧಕದ ಕಣಗಳು ಕಡಲ ಮೇಲಿನ ಮೋಡಗಳನ್ನು ಹೆಚ್ಚು ಬೆಳ್ಳಗೆ ಮಾಡಿ ಸ್ವಲ್ಪ ಬಿಸಿಲನ್ನು ವಾಪಸು ಕಳಿಸುತ್ತಿದ್ದವು. ಆ ಮುಸುಕು ತೆಳುವಾದ ಮೇಲೆ ಕಡಲು ತುಸು ಹೆಚ್ಚು ಕಾಯುತ್ತಿದೆ. ಎಷ್ಟು ಎಂಬುದರ ಬಗ್ಗೆ ವಿಜ್ಞಾನಿಗಳಲ್ಲಿ ಒಮ್ಮತವಿಲ್ಲ. ಹಾಗೆಂದು ಗಂಧಕವೇ ಇರಲಿ ಎನ್ನುವುದು ತಲೆಬುಡವಿಲ್ಲದ ವಾದ. ಮುಸುಕಿನ ಅಡಿಯಲ್ಲಿ ಇಂಗಾಲ ಹೇಗೂ ಕೂಡುತ್ತಲೇ ಇತ್ತು.

ಯಾವ ದೇಶದ ಹೊಗೆ ಇದು?

ಕಾರ್ಖಾನೆಯ ಹೊಗೆ ಅದು ಇರುವ ದೇಶದ ಲೆಕ್ಕಕ್ಕೆ ಹೋಗುತ್ತದೆ. ಹಡಗಿನದ್ದು? ಯಜಮಾನ ಗ್ರೀಸಿನವನು, ಧ್ವಜ ಪನಾಮಾದ್ದು, ಎಂಜಿನ್ ರೂಮಿನಲ್ಲಿ ಉದುಮದವರು, ಒಳಗಿನ ಸರಕು ಚೀನಾದಿಂದ ಜರ್ಮನಿಗೆ. ಯಾರ ತಲೆಗೆ ಕಟ್ಟುವುದು?

ಎಲ್ಸಾ 3 ಮುಳುಗಿದಾಗ ಕೇರಳ ಸರಕಾರ ಎದುರಿಸಿದ್ದೂ ಇದೇ ತೊಡಕನ್ನು. ಧ್ವಜ ಲೈಬೀರಿಯಾದ್ದು, ಕಂಪನಿಯ ಮುಖ್ಯ ಕಚೇರಿ ಸ್ವಿಟ್ಜರ್ಲೆಂಡಿನಲ್ಲಿ. 9,531 ಕೋಟಿ ರೂಪಾಯಿ ಪರಿಹಾರ ಕೇಳಿ ಹೈಕೋರ್ಟಿಗೆ ಹೋದ ಸರಕಾರ, ವಿಳಿಂಜಕ್ಕೆ ಬಂದಿದ್ದ ಅದೇ ಗುಂಪಿನ ಇನ್ನೊಂದು ಹಡಗನ್ನು ತಡೆಹಿಡಿಸಬೇಕಾಯಿತು. ಕಣ್ಣೆದುರು ಮುಳುಗಿದ ಹಡಗಿಗೇ ಇಷ್ಟು ಪಾಡು. ಗಾಳಿಯಲ್ಲಿ ಕರಗಿದ ಹೊಗೆಗೆ ಹೊಣೆ ಹುಡುಕುವುದು ಇನ್ನೆಷ್ಟು ಕಷ್ಟ!

1997ರ ಕ್ಯೋಟೊ ಒಪ್ಪಂದ ಈ ತಲೆನೋವನ್ನು ತಾನು ಇಟ್ಟುಕೊಳ್ಳದೆ ಅಂತಾರಾಷ್ಟ್ರೀಯ ಕಡಲ ಸಂಸ್ಥೆಗೆ ದಾಟಿಸಿತು. 2015ರ ಪ್ಯಾರಿಸ್ ಒಪ್ಪಂದದ ಪಠ್ಯದಲ್ಲಿ ಹಡಗಿನ ಹೆಸರೇ ಇಲ್ಲ. ಕಡಲ ಸಂಸ್ಥೆ ಮೊದಮೊದಲು ಸುಲಭದ ಕೆಲಸ ಮಾಡಿತು. ಹೊಸ ಹಡಗಿನ ವಿನ್ಯಾಸಕ್ಕೆ 2013ರಿಂದ ಮಾನದಂಡ, ಓಡುವ ಹಡಗುಗಳಿಗೆ 2023ರಿಂದ ಎ ಇಂದ ಇ ವರೆಗೆ ದರ್ಜೆ. 2023ರ ಜುಲೈಯಲ್ಲಿ 2050ರ ಆಸುಪಾಸಿಗೆ ಶೂನ್ಯ ತಲುಪುವ ಗುರಿಗೆ ಎಲ್ಲರೂ ಒಪ್ಪಿದರು. ಗುರಿಗೆ ಒಪ್ಪುವುದಕ್ಕೆ ಕಾಸು ಬೇಕಿಲ್ಲ ನೋಡಿ.

ಮುಂದೂಡಿದ ನಿಯಮದಲ್ಲಿ ಏನಿತ್ತು?

2025ರ ಏಪ್ರಿಲ್‌ನಲ್ಲಿ ಕರಡಿಗೆ ಮತ ಹಾಕಿದಾಗ 63 ದೇಶ ಪರ, 16 ವಿರೋಧ. ಭಾರತ, ಚೀನಾ, ಬ್ರೆಜಿಲ್ ಪರವಾಗಿದ್ದವು. ಸೌದಿ ಅರೇಬಿಯಾ, ಯುಎಇ, ರಷ್ಯಾ ವಿರೋಧ. ಅಮೆರಿಕ ಮಾತುಕತೆಯಿಂದಲೇ ಎದ್ದು ಹೋಗಿತ್ತು.

ನಿಯಮ 5,000 ಟನೇಜ್ (ತೂಕವಲ್ಲ, ಹಡಗಿನ ಒಳಗಾತ್ರದ ಅಳತೆ) ಮೀರಿದ ಹಡಗುಗಳಿಗೆ. ಅಂತಾರಾಷ್ಟ್ರೀಯ ಹಡಗು ಸಾಗಣೆಯ ಇಂಗಾಲದಲ್ಲಿ ಶೇ 85 ಬರುವುದು ಇವುಗಳಿಂದ. ಮೀನುಗಾರರ ಬೋಟು, ದೋಣಿ ಯಾವುದೂ ಇದರಲ್ಲಿ ಬರುವುದಿಲ್ಲ.

ಹಡಗು ಎಷ್ಟು ಇಂಧನ ಸುಟ್ಟಿತು ಎನ್ನುವುದಕ್ಕಿಂತ ಆ ಇಂಧನ ಎಷ್ಟು ಕೊಳಕು ಎಂಬುದನ್ನು ಇದು ಅಳೆಯುತ್ತದೆ. ಪ್ರತಿ ವರ್ಷಕ್ಕೂ ಎರಡು ಗೆರೆ. 2028ಕ್ಕೆ ಮೊದಲ ಗೆರೆ 2008ರ ಮಟ್ಟಕ್ಕಿಂತ ಶೇ 4 ಕಡಿಮೆ, ಎರಡನೆಯದು ಶೇ 17 ಕಡಿಮೆ. ಮೊದಲ ಗೆರೆಯನ್ನೂ ಮುಟ್ಟದ ಭಾಗಕ್ಕೆ ಟನ್ ಇಂಗಾಲಕ್ಕೆ 380 ಡಾಲರ್. ಎರಡು ಗೆರೆಗಳ ನಡುವಿನ ಭಾಗಕ್ಕೆ 100 ಡಾಲರ್. ಎರಡನ್ನೂ ದಾಟಿ ಶುದ್ಧವಾದ ಹಡಗಿಗೆ ಪ್ರತಿಫಲ. 2035ರ ಹೊತ್ತಿಗೆ ಗೆರೆಗಳು ಶೇ 30 ಮತ್ತು ಶೇ 43ಕ್ಕೆ ಬಿಗಿಯಾಗುತ್ತವೆ. ಶುರುವಿನ ವರ್ಷಗಳಲ್ಲಿ ವರ್ಷಕ್ಕೆ 1,000ದಿಂದ 1,500 ಕೋಟಿ ಡಾಲರ್ ಕೂಡುವ ಅಂದಾಜು. ಈ ಹಣ ಒಂದು ನಿಧಿಗೆ ಹೋಗಿ ಹೊಸ ಇಂಧನಕ್ಕೆ, ಬಡ ದೇಶಗಳ ಬಂದರಿಗೆ, ನಾವಿಕರ ತರಬೇತಿಗೆ ಬರಬೇಕಿತ್ತು.

ಅಕ್ಟೋಬರ್‌ಗೆ ಮೊದಲು ಅಮೆರಿಕ ಬಹಿರಂಗವಾಗಿಯೇ ಬೆದರಿಸಿತು. ಪರ ಮತ ಹಾಕಿದ ದೇಶಗಳಿಗೆ ವೀಸಾ ನಿರ್ಬಂಧ, ಬಂದರು ಶುಲ್ಕ, ಸುಂಕ. ಸಭೆಯಲ್ಲಿ ಮುಂದೂಡುವ ಪ್ರಸ್ತಾಪ ಇಟ್ಟದ್ದು ಸೌದಿ.

ವಿರೋಧಿಗಳ ವಾದ ಸುಮ್ನೆ ತಳ್ಳಿಹಾಕುವಂಥದ್ದಲ್ಲ. ಸಾಗಣೆ ದುಬಾರಿಯಾದರೆ ಕೊನೆಗೆ ಕೊಡುವವನು ಗಿರಾಕಿಯೇ. ಹೊಸ ಇಂಧನ ಬೇಕಾದಷ್ಟು ಸಿಗುವುದಿಲ್ಲ, ಸಿಗದ ಇಂಧನ ಬಳಸಲಿಲ್ಲ ಎಂದು ದಂಡ ಹಾಕುವುದು ಯಾವ ನ್ಯಾಯ ಎಂಬ ಪ್ರಶ್ನೆಯೂ ಸರಿಯಾದದ್ದೇ. ಇನ್ನೊಂದು ತುದಿಯಲ್ಲಿ ಪೆಸಿಫಿಕ್ ದ್ವೀಪದೇಶಗಳು ಈ ಕರಡು ತೀರಾ ಸಪ್ಪೆ ಎಂದು ಏಪ್ರಿಲ್‌ನಲ್ಲಿ ತಟಸ್ಥ ಉಳಿದಿದ್ದವು. ಬಿಡುವ ಪ್ರತಿ ಟನ್ನಿಗೂ ದರ ಇರಲಿ ಎಂಬುದು ಅವರ ಬೇಡಿಕೆ. ನಮ್ಮೆದುರಿನ ಲಕ್ಷದ್ವೀಪದ ಎತ್ತರ ಎಷ್ಟು ಎಂದು ನೆನೆಸಿಕೊಂಡರೆ ಅವರ ಅವಸರ ಅರ್ಥವಾಗುತ್ತದೆ.

ತೆರಿಗೆ ಅನ್ಯಾಯ ಎನ್ನುವವರು ಒಂದು ವಿಷಯ ಮರೆಸುತ್ತಾರೆ. ಮಂಜೇಶ್ವರದ ಬೋಟಿನವರು ತುಂಬಿಸುವ ಡೀಸೆಲ್ ಬೆಲೆಯಲ್ಲಿ ಎಕ್ಸೈಸ್ ಸುಂಕ, ರಾಜ್ಯದ ತೆರಿಗೆ ಸೇರಿರುತ್ತದೆ. ರಸ್ತೆಯನ್ನೇ ಮುಟ್ಟದ ಬೋಟಿನ ಡೀಸೆಲ್ಲಿಗೆ ರಸ್ತೆ ಸೆಸ್ ಕೂಡ. ಅದೇ ಕಡಲಲ್ಲಿ ಅವರ ಬೋಟಿನ ಆಚೆ ಹಾದುಹೋಗುವ ವಿದೇಶಿ ಹಡಗಿನ ಇಂಧನಕ್ಕೆ ಬಹುತೇಕ ದೇಶಗಳಲ್ಲಿ ಇಂಥ ತೆರಿಗೆ ಇಲ್ಲ.

ಗೇರುಬೀಜದ ಮೇಲೆ ಎಷ್ಟು ಬೀಳುತ್ತದೆ?

ಬೆಲೆ ಏರಿಕೆಯ ಭಯವನ್ನು ನಮ್ಮದೇ ಸರಕಿನ ಮೇಲೆ ಅಳೆದು ನೋಡಬಹುದು. ಮಂಗಳೂರು, ಕಾಸರಗೋಡು ಕಡೆಯ ಗೇರು ಕಾರ್ಖಾನೆಗಳಿಗೆ ಊರಿನ ಬೀಜ ಸಾಲುವುದಿಲ್ಲ. ಆಫ್ರಿಕಾದಿಂದ ಕಂಟೇನರ್‌ಗಳಲ್ಲಿ ಬರಬೇಕು.

ಒಂದು ಟನ್ ಹಡಗಿನ ಎಣ್ಣೆ, ಬಾವಿಯಿಂದ ಚಿಮಣಿಯವರೆಗಿನ ಲೆಕ್ಕ ಹಿಡಿದರೆ, ಸುಮಾರು 3.75 ಟನ್ ಇಂಗಾಲಕ್ಕೆ ಸಮ. ಅದರಲ್ಲಿ ಶೇ 4 ಭಾಗಕ್ಕೆ 380 ಡಾಲರ್ ದರದಲ್ಲಿ 57 ಡಾಲರ್. ಮುಂದಿನ ಶೇ 13 ಭಾಗಕ್ಕೆ 100 ಡಾಲರ್ ದರದಲ್ಲಿ 49. ಒಟ್ಟು 106 ಡಾಲರ್. ಅಂದರೆ ಏನೂ ಸುಧಾರಿಸದ ಹಡಗಿಗೆ 2028ರಲ್ಲಿ ಟನ್ ಎಣ್ಣೆಯ ಮೇಲೆ ನೂರು ಡಾಲರ್ ಚಿಲ್ಲರೆ ಹೆಚ್ಚು.

ಈಗ ಊಹೆಯ ಒಂದು ಹಡಗು. 3,000 ತುಂಬಿದ ಕಂಟೇನರ್, ದಿನಕ್ಕೆ 60 ಟನ್ ಎಣ್ಣೆ, 20 ದಿನದ ಪ್ರಯಾಣ. ಒಟ್ಟು ಎಣ್ಣೆ 1,200 ಟನ್, ಹೆಚ್ಚುವರಿ ಖರ್ಚು ಸುಮಾರು 1.27 ಲಕ್ಷ ಡಾಲರ್, ಕಂಟೇನರ್ ಒಂದಕ್ಕೆ 42 ಡಾಲರ್. ಒಂದರಲ್ಲಿ 16 ಟನ್ ಕಚ್ಚಾ ಬೀಜ ಹಿಡಿದರೆ, ಡಾಲರಿಗೆ 88 ರೂಪಾಯಿಯಂತೆ ಕಿಲೋಗೆ 23 ಪೈಸೆ. ಒಂದು ಕಿಲೋ ಗೋಡಂಬಿಗೆ ನಾಲ್ಕೈದು ಕಿಲೋ ಬೀಜ ಬೇಕು. ಹೆಚ್ಚೆಂದರೆ ಒಂದೂಕಾಲು ರೂಪಾಯಿ.

ಹಡಗು ಚಿಕ್ಕದಾದರೆ, ದಾರಿ ಉದ್ದವಾದರೆ ಇದು ಎರಡು ಪಟ್ಟು ಆದೀತು. ಗೆರೆಗಳು ಬಿಗಿಯಾದಂತೆ ಮತ್ತೂ ಏರೀತು. ಕಿಲೋಗೆ ಬೆಲೆ ಕಡಿಮೆ ಇರುವ ಕಲ್ಲಿದ್ದಲು, ಗೊಬ್ಬರ, ಧಾನ್ಯದಂಥ ಸರಕಿಗೆ ಪೆಟ್ಟು ಜೋರಾಗಿಯೇ ತಟ್ಟುತ್ತದೆ. ಆದರೆ ಅಂಗಡಿಯ ಗೋಡಂಬಿ ಪೊಟ್ಟಣಕ್ಕೆ ಇದರಿಂದ ಬೆಂಕಿ ಬೀಳುವುದಿಲ್ಲ. 2023ರ ನವೆಂಬರ್‌ನಿಂದ ಕೆಂಪು ಸಮುದ್ರದಲ್ಲಿ ಹೂಥಿಗಳ ದಾಳಿಗೆ ಹೆದರಿ ಹಡಗುಗಳು ಆಫ್ರಿಕಾ ಸುತ್ತಿ ಹೋದಾಗ ಯೂರೋಪಿನ ದಾರಿಗೆ ಸಾವಿರಾರು ಕಿಲೋಮೀಟರ್ ಸೇರಿಕೊಂಡಿತು. ಆ ಬಾಡಿಗೆಯ ಏರಿಳಿತದ ಮುಂದೆ ಇದು ಸಣ್ಣದು.

ಮುಂದೂಡಿದರೂ ಬಿಲ್ ಬರುತ್ತಿದೆ

ಈ ಸುದ್ದಿಯಲ್ಲಿ ಬಹಳ ಮಂದಿ ಗಮನಿಸದ ಭಾಗ ಇದು. ಲಂಡನ್ನಿನಲ್ಲಿ ನಿಯಮ ನಿಂತರೂ ಯೂರೋಪಿನಲ್ಲಿ ನಿಂತಿಲ್ಲ. ಯೂರೋಪ್ ಒಕ್ಕೂಟ 2024ರಿಂದಲೇ ತನ್ನ ಬಂದರಿಗೆ ಬರುವ, ಅಲ್ಲಿಂದ ಹೊರಡುವ ದೊಡ್ಡ ಹಡಗುಗಳನ್ನು ಇಂಗಾಲದ ಮಾರುಕಟ್ಟೆಗೆ, ಅಂದರೆ ಬಿಡುವ ಇಂಗಾಲಕ್ಕೆ ಪರವಾನಗಿ ಕೊಳ್ಳಬೇಕಾದ ವ್ಯವಸ್ಥೆಗೆ, ಸೇರಿಸಿದೆ. ಹೊರದೇಶದಿಂದ ಬಂದ ಪ್ರಯಾಣದ ಅರ್ಧ ಹೊಗೆಗೆ ಕಾಸು ಕೊಡಬೇಕು. 2024ರ ಹೊಗೆಗೆ ಅದರಲ್ಲಿ ಶೇ 40 ಮಾತ್ರ ಲೆಕ್ಕ, 2025ಕ್ಕೆ ಶೇ 70, 2026ರಿಂದ ಪೂರ್ತಿ.

ಒಂದು ಟನ್ ಎಣ್ಣೆ ಉರಿದರೆ 3.1 ಟನ್ ಇಂಗಾಲದ ಡೈಆಕ್ಸೈಡ್. ಅರ್ಧ ಅಂದರೆ 1.55. ಟನ್ನಿಗೆ 70 ಯೂರೋ ಹಿಡಿದರೆ 108 ಯೂರೋ. ಮೇಲಿನ 106 ಡಾಲರಿನ ಪಕ್ಕ ಇದನ್ನು ಇಟ್ಟು ನೋಡಿ. ಮಂಗಳೂರಿನ ಗೋಡಂಬಿ ನೆದರ್ಲೆಂಡಿಗೆ ಹೋಗುವ ಹಡಗು, ಲಂಡನ್ನಿನ ನಿಯಮ 2028ಕ್ಕೆ ಹಾಕಲಿದ್ದ ಹೊರೆಗಿಂತ ಕಡಿಮೆಯಿಲ್ಲದ ಹೊರೆಯನ್ನು ಈಗಾಗಲೇ ಹೊರುತ್ತಿದೆ. ಇದರ ಮೇಲೆ ಇಂಧನದ ಶುದ್ಧತೆಯ ಇನ್ನೊಂದು ಯೂರೋಪಿಯನ್ ನಿಯಮ 2025ರಿಂದ ಬಂದಿದೆ.

ವ್ಯತ್ಯಾಸ ಇರುವುದು ಹಣ ಎಲ್ಲಿಗೆ ಹೋಗುತ್ತದೆ ಎಂಬುದರಲ್ಲಿ. ಲಂಡನ್ನಿನ ನಿಧಿಯಲ್ಲಿ ಬೆಳೆಯುತ್ತಿರುವ ದೇಶಗಳಿಗೆ ಪಾಲು ಕೇಳುವ ಹಕ್ಕಿತ್ತು. ಯೂರೋಪಿನ ಹಣ ಯೂರೋಪಿನ ಖಜಾನೆಗೆ, ಅಲ್ಲಿನ ಯೋಜನೆಗಳಿಗೆ. ಜಾಗತಿಕ ನಿಯಮ ಬಂದರೆ ತನ್ನದನ್ನು ಮರುಪರಿಶೀಲಿಸುವುದಾಗಿ ಯೂರೋಪ್ ತನ್ನ ಕಾನೂನಿನಲ್ಲೇ ಬರೆದುಕೊಂಡಿದೆ. ಮುಂದೂಡಿಕೆಯಿಂದ ಆ ಅವಕಾಶವೂ ಮುಂದೆ ಹೋಯಿತು. ಹಾಗಾಗಿ ಇದನ್ನು ಬಡ ದೇಶಗಳ ಗೆಲುವು ಎಂದು ಓದುವುದು ಕಷ್ಟ. ಬಿಲ್ ಬರುತ್ತಿದೆ, ಬಿಲ್ ಬರೆಯುವ ಮೇಜಿನಲ್ಲಿ ಮಾತ್ರ ನಮಗೆ ಕುರ್ಚಿ ಇಲ್ಲ.

ಭಾರತಕ್ಕೆ ಬೇರೆ ಲಾಭದ ಲೆಕ್ಕವೂ ಇತ್ತು. 2023ರ ಜನವರಿಯಲ್ಲಿ 19,744 ಕೋಟಿ ರೂಪಾಯಿಯ ಹಸಿರು ಹೈಡ್ರೋಜನ್ ಮಿಷನ್‌ಗೆ ಒಪ್ಪಿಗೆ ಸಿಕ್ಕಿತು. 2030ಕ್ಕೆ ವರ್ಷಕ್ಕೆ 50 ಲಕ್ಷ ಟನ್ ಗುರಿ. ಕಾಂಡ್ಲಾ, ಪಾರಾದೀಪ್, ತೂತುಕುಡಿ ಬಂದರುಗಳು ಅದರ ಕೇಂದ್ರಗಳು. ಆ ಹೈಡ್ರೋಜನ್‌ನಿಂದ ಮಾಡುವ ಅಮೋನಿಯಾ, ಮೆಥನಾಲ್‌ಗೆ ಹಡಗಿನವರೂ ಗಿರಾಕಿಗಳಾಗಬೇಕು. ಕೊಳಕು ಎಣ್ಣೆಗೆ ಬೆಲೆ ಇಲ್ಲದಿದ್ದರೆ ಅವರು ದುಬಾರಿ ಶುದ್ಧ ಇಂಧನವನ್ನು ಯಾಕೆ ಕೊಳ್ಳುತ್ತಾರೆ?

ಹೊಸ ಇಂಧನಕ್ಕೆ ಕಾಯದೆ ಆಗುವ ಕೆಲಸ

ಮೊದಲನೆಯದು ವೇಗ. ಹಡಗಿಗೆ ಬೇಕಾದ ಶಕ್ತಿ ವೇಗದ ಘನದಂತೆ ಏರುತ್ತದೆ. ವೇಗ ಶೇ 10 ಇಳಿಸಿದರೆ ಎಂಜಿನ್ನಿಗೆ ಶೇ 27 ಕಡಿಮೆ ಶಕ್ತಿ ಸಾಕು. ಪ್ರಯಾಣ ಉದ್ದವಾಗುವುದನ್ನು ಕಳೆದರೂ ಎಣ್ಣೆ ಶೇ 19 ಉಳಿಯುತ್ತದೆ. 2008ರ ಆರ್ಥಿಕ ಕುಸಿತದ ನಂತರ ಕಂಪನಿಗಳು ತಾವಾಗಿಯೇ ನಿಧಾನ ಮಾಡಿದ್ದು ಎಣ್ಣೆಯ ಕಾಸು ಉಳಿಸಲು. ತಮಾಷೆಯೆಂದರೆ ಈಗಲೂ ಎಷ್ಟೋ ಹಡಗುಗಳು ಜೋರಾಗಿ ಬಂದು ಬಂದರಿನ ಹೊರಗೆ ಲಂಗರು ಹಾಕಿ ದಿನಗಟ್ಟಲೆ ಕಾಯುತ್ತವೆ. ಮೊದಲು ಬಂದವರಿಗೆ ಮೊದಲ ಜಾಗ ಎಂಬ ಹಳೆಯ ಪದ್ಧತಿ ಹಾಗೆ ಓಡಿಸುತ್ತದೆ. ಸಮಯ ಗೊತ್ತುಮಾಡಿ ಕರೆದರೆ ಹೊಸ ಯಂತ್ರವೇನೂ ಬೇಡ.

ಎರಡನೆಯದು ಗಾಳಿ. ಮಂಗಳೂರಿನ ಹಳೆ ಬಂದರಿನಿಂದ ಲಕ್ಷದ್ವೀಪಕ್ಕೆ ಸರಕು ಒಯ್ಯುವ ಮಂಜಿಗಳು ಹಾಯಿ ಬಿಟ್ಟು ಎಂಜಿನ್ ಹಾಕಿಕೊಂಡು ದಶಕಗಳಾದವು. ಅತ್ತ ದೊಡ್ಡ ಹಡಗುಗಳು ಈಗ ಮತ್ತೆ ಹಾಯಿ ಏರಿಸುತ್ತಿವೆ. 2023ರಲ್ಲಿ ಪಿಕ್ಸಿಸ್ ಓಷನ್ ಎಂಬ ಹಡಗಿಗೆ ರೆಕ್ಕೆಯಂಥ ಎರಡು ಗಟ್ಟಿ ಹಾಯಿ ಕೂರಿಸಿದಾಗ ದಿನಕ್ಕೆ ಸರಾಸರಿ 3 ಟನ್ ಎಣ್ಣೆ ಉಳಿಯಿತು.

ಹೊಸ ಇಂಧನಗಳ ದಾರಿಯಲ್ಲಿ ಮುಳ್ಳು ಹೆಚ್ಚು. ಎಲ್ಎನ್‌ಜಿಯಲ್ಲಿ (ದ್ರವ ಮಾಡಿದ ನೈಸರ್ಗಿಕ ಅನಿಲ) ಗಂಧಕ ಇಲ್ಲವೇ ಇಲ್ಲ ಎನ್ನಬಹುದು, ಆದರೆ ಅದರಿಂದ ಉರಿಯದೆ ಸೋರುವ ಮೀಥೇನ್ ಇಂಗಾಲದ ಡೈಆಕ್ಸೈಡ್‌ಗಿಂತ ಎಷ್ಟೋ ಪಟ್ಟು ಬಿಸಿ ಹಿಡಿಯುತ್ತದೆ. ಮೆಥನಾಲ್‌ನಲ್ಲಿ ಓಡುವ ಮೊದಲ ಕಂಟೇನರ್ ಹಡಗು 2023ರಲ್ಲೇ ಬಂತು, ಹಸಿರು ಮೆಥನಾಲ್ ಮಾತ್ರ ಬೇಕಾದಷ್ಟಿಲ್ಲ. ಅಮೋನಿಯಾದಲ್ಲಿ ಇಂಗಾಲವೇ ಇಲ್ಲ, ಆದರೆ ಅದು ವಿಷ. ಎಂಜಿನ್ ರೂಮಿನಲ್ಲಿ ಸೋರಿದರೆ ಪ್ರಾಣಕ್ಕೇ ಅಪಾಯ. ಕೋಟಿಕುಳಂ, ಉದುಮ, ಪಳ್ಳಿಕ್ಕರೆ ಕಡೆಯಿಂದ ಹಡಗಿನ ಕೆಲಸಕ್ಕೆ ಹೋಗುವವರು ತುಂಬಾ ಜನ. ಹೊಸ ಇಂಧನಕ್ಕೆ ಹೊಸ ತರಬೇತಿ, ಹೊಸ ಸರ್ಟಿಫಿಕೇಟ್ ಬೇಕಾಗುತ್ತದೆ. ಅದರ ಖರ್ಚು ಕಂಪನಿಯದ್ದೋ, ಸರಕಾರದ್ದೋ, ಹುಡುಗನ ಅಪ್ಪನದ್ದೋ ಎಂಬುದು ಮುಂದೂಡಿದ ನಿಧಿಗೆ ನೇರ ಗಂಟು ಬಿದ್ದ ಪ್ರಶ್ನೆ.

ಇನ್ನು ಮುಂದೆ

ಕಡಲ ಸಂಸ್ಥೆಯ ಇಂಥ ತಿದ್ದುಪಡಿ ಅಂಗೀಕಾರವಾದ ಮೇಲೆ ಜಾರಿಗೆ ಕನಿಷ್ಠ 16 ತಿಂಗಳು ಬೇಕು. 2025ರ ಅಕ್ಟೋಬರ್‌ನಲ್ಲಿ ಪಾಸಾಗಿದ್ದರೆ 2027ರಲ್ಲಿ ಜಾರಿಯಾಗಿ 2028ರಿಂದ ಹಣದ ಲೆಕ್ಕ ಶುರುವಾಗುತ್ತಿತ್ತು. ಒಂದು ವರ್ಷ ತಡವಾಗಿ ಪಾಸಾದರೂ ಜಾರಿ 2028ಕ್ಕೆ ಮೊದಲು ಆಗದು, ಗೆರೆಗಳ ದಿನಾಂಕವನ್ನೂ ಮತ್ತೆ ಬರೆಯಬೇಕು. ಒಂದು ಹಡಗಿನ ಆಯುಷ್ಯ 25 ವರ್ಷದ ಆಸುಪಾಸು. ಈ ಗೊಂದಲದ ಕಾಲದಲ್ಲಿ ಆರ್ಡರ್ ಕೊಟ್ಟ ಹಳೆ ಬಗೆಯ ಹಡಗು 2050ರಲ್ಲೂ ಓಡುತ್ತಿರುತ್ತದೆ.

ಉಸಿರಿನ ಗಾಳಿಯ ವಿಷಯಕ್ಕೆ ಲಂಡನ್ನಿನ ಈ ಜಗಳ ಮುಗಿಯುವವರೆಗೆ ಕಾಯಬೇಕಾಗಿಲ್ಲ. ಹೊಗೆ ನಿಯಂತ್ರಣ ವಲಯಕ್ಕೆ ಕರಾವಳಿ ದೇಶಗಳು ತಾವೇ ಪ್ರಸ್ತಾಪ ಸಲ್ಲಿಸಬಹುದು. ಅದು ಬೇರೆಯದೇ ನಿಯಮ, ಅದರ ದಾರಿ ಈಗಾಗಲೇ ತೆರೆದಿದೆ. ಮೆಡಿಟರೇನಿಯನ್ ವಲಯಕ್ಕೆ 2022ರಲ್ಲಿ ಒಪ್ಪಿಗೆ ಸಿಕ್ಕಿ 2025ರ ಮೇ ತಿಂಗಳಲ್ಲಿ ಜಾರಿಯಾಯಿತು. ಭಾರತದ ಪಡುಗಡಲಿಗೂ ಅಂಥದ್ದು ಬೇಕೆಂದರೆ ಪ್ರಸ್ತಾಪ ದೆಹಲಿಯಿಂದ ಹೋಗಬೇಕು. ಅದಕ್ಕೆ ಹಡಗು ಓಡಾಟದ, ಗಾಳಿಯ, ಜನರ ಆರೋಗ್ಯದ ಅಂಕಿಅಂಶ ಜೋಡಿಸಬೇಕು. ಆ ಅಂಕಿಅಂಶ ಕೇಳಿ ಒತ್ತಡ ತರುವ ಕೆಲಸ ಕೇರಳ, ಕರ್ನಾಟಕದ ಕರಾವಳಿ ಸಂಸದರದ್ದು.